ಇಂದಕ್ಕನ ಐದು ಪಟ್ಟೆಯ ಕೌದಿ

ಅದು ೨೦೧೯ನೆಯ ಇಸವಿ. ನನಗಾಗ ನಲವತ್ತೊಂಬತ್ತು ವರ್ಷ. ಪುಣೆಯ ಕನ್ನಡ ಶಾಲೆಯೊಂದರಲ್ಲಿ ವ್ಯಾಕರಣ ಕಲಿಸುತ್ತಿದ್ದ ನಾನು ಸ್ವಇಚ್ಛೆಯಿಂದ ನಿವೃತ್ತನಾಗಿ, ಮೂರು ಮಹಡಿಯ ಹಳೆಯ ಸೊಸೈಟಿಯೊಂದರಲ್ಲಿ ಮನೆ ಕೊಂಡು ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಸೆಪ್ಟೆಂಬರ್ ಕೊನೆಯ ಭಾನುವಾರದ ಸಂಜೆ, ಜಿನುಗುವ ಮಳೆಯಲ್ಲಿ ಕಾಯಿಪಲ್ಲೆಯ ಚೀಲ ಹಿಡಿದು ಗೇಟಿನೊಳಗೆ ಕಾಲಿಟ್ಟವನು ಅಲ್ಲಿಯೇ ನಿಂತೆ. ಪಾರ್ಕಿಂಗಿನಲ್ಲಿದ್ದ ಕಾರುಗಳನ್ನೆಲ್ಲ ರಸ್ತೆಗೆ ಹೊರಡಿಸಿದ್ದರು. ಅವುಗಳ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಕುರ್ಚಿಗಳಲ್ಲಿ ಸೊಸೈಟಿಯ ಸಮಸ್ತ ಜನ, ಎದುರಿಗೆ ಮೇಜಿನ ಮೇಲೊಂದು ಟಿ.ವಿ. ಎಲ್ಲರ ನಡುವೆ ಸ್ಟ್ಯಾಂಡು ಹಾಕಿ ನಿಲ್ಲಿಸಿದ ಸೈಕಲ್ಲಿನ ಮೇಲೆ ಇಳಕಲ್ ಸೀರೆಯ ಹಿರಿಯ ಹೆಂಗಸೊಬ್ಬರು ಸೆರಗು ಬಿಗಿದು ಕುಳಿತು, ಇದ್ದಲ್ಲಿಯೇ ರಭಸದಿಂದ ಪೆಡಲು ತುಳಿಯುತ್ತಿದ್ದರು. ನೆಲ ಮುಟ್ಟದ ಹಿಂದಿನ ಗಾಲಿ ಗಿರ್ರನೆ ತಿರುಗುತ್ತಿತ್ತು. ಟಿ.ವಿ.ಯಲ್ಲಿಯೂ ಮಳೆ, ಅಲ್ಲಿಯೂ ಯಾರೋ ಸೈಕಲ್ ತುಳಿಯುತ್ತಿದ್ದರು.

"ಕುಲಕರ್ಣಿ ದಣದ್ರು! ಮುಗೀತು ಅವರ ಕಥಿ! ಮಾಸ್ತರು ಮುಂದ ಅದಾರ, ಮಾಸ್ತರು ಬಿಡೂದಿಲ್ಲ ಇವತ್ತ!" ಎಂದು ಅವರು ಕೂಗಿದರು.

ನಾನು ಬೆಚ್ಚಿದೆ. ಆ ಕಟ್ಟಡದಲ್ಲಿ ಮಾಸ್ತರನೆಂದರೆ ನಾನೊಬ್ಬನೇ. ಆದರೆ ನಾನು ಯಾರಿಗಿಂತಲೂ ಮುಂದೆ ಇರಲಿಲ್ಲ. ಗೇಟಿನ ಬಳಿ ಬದನೆಕಾಯಿ ಹಿಡಿದು ನಿಂತಿದ್ದೆ. ನನ್ನ ಹೆಂಡತಿ ವಿಜಯಾ ಕುರ್ಚಿಯೊಂದರಿಂದ ಕೈಬೀಸಿ ಕರೆದು ವಿಷಯ ತಿಳಿಸಿದಳು. ಅದು ಸೈಕಲ್ಲಿನ ರಸ್ತೆ ಓಟದ ವಿಶ್ವ ಚಾಂಪಿಯನ್‌ಶಿಪ್. ಗಣಪತಿ ವಿಸರ್ಜನೆಯ ಮರುದಿನ ಈ ಸೊಸೈಟಿಯಲ್ಲಿ ದೇಶಗಳ ಹೆಸರಿನ ಚೀಟಿಗಳನ್ನು ಎತ್ತುತ್ತಾರೆ, ಮನೆಗೊಂದು ದೇಶ. ನಮ್ಮ ಮನೆಯ ಚೀಟಿಯನ್ನು ವಿಜಯಾ ಎತ್ತಿದ್ದಳು, ಡೆನ್ಮಾರ್ಕ್ ಬಂದಿತ್ತು. ಆದ್ದರಿಂದ ಡೆನ್ಮಾರ್ಕಿನ ಆ ತರುಣ ಆ ಸಂಜೆಯ ಮಟ್ಟಿಗೆ 'ಮಾಸ್ತರು'. ಗೆಲ್ಲುವನೆಂದು ಎಲ್ಲರೂ ನಂಬಿದ್ದ, ಆದರೆ ಆಗಷ್ಟೇ ಸೋತು ಹಿಂದೆ ಸರಿದ ಡಚ್ಚನು ಎರಡನೆಯ ಮಹಡಿಯ ಕುಲಕರ್ಣಿ.

ಸ್ವಲ್ಪ ಹೊತ್ತಿನಲ್ಲಿ ನಾನು ವಿಶ್ವ ಚಾಂಪಿಯನ್ ಆದೆ. ಸೈಕಲ್ಲಿನಿಂದ ಇಳಿದ ಆ ಹೆಂಗಸು ಬಿಳಿಯ ಕೌದಿಯೊಂದನ್ನು ತಂದು ನನ್ನ ಹೆಗಲಿಗೆ ಹೊದಿಸಿದರು. ಅದರ ನಡುವೆ ನೀಲಿ, ಕೆಂಪು, ಕಪ್ಪು, ಹಳದಿ, ಹಸಿರು ಎಂಬ ಐದು ಪಟ್ಟೆಗಳು.

"ಬದನಿಕಾಯಿ ಚೀಲಾ ಕೆಳಗಿಡ್ರಿ ಮಾಸ್ತರ್ರ. ಚಾಂಪಿಯನ್ ಆದಾವರು ಎರಡೂ ಕೈ ಮ್ಯಾಲೆ ಎತ್ತಬೇಕ್ರಿ," ಎಂದರು.

ಇಂದುಮತಿ ದೇಸಾಯಿಯವರನ್ನು, ಎಲ್ಲರ ಬಾಯಲ್ಲಿ ಇಂದಕ್ಕನೆಂದೇ ಕರೆಸಿಕೊಂಡವರನ್ನು, ನಾನು ಮೊದಲು ಕಂಡದ್ದು ಹೀಗೆ.

ಇಂದಕ್ಕ ಧಾರವಾಡದವರು. ಓದು ಮುಗಿಸಿದೊಡನೆ ವಿಮಾ ಕಚೇರಿಯೊಂದರ ಗುಮಾಸ್ತಿಕೆ ದೊರೆತು ಪುಣೆಗೆ ಬಂದವರು, ನಿವೃತ್ತಿಯ ತನಕ ಪ್ರತಿದಿನವೂ ಸೈಕಲ್ಲಿನ ಮೇಲೆಯೇ ಕಚೇರಿಗೆ ಹೋಗಿಬಂದರು. ಮದುವೆಯಾಗಲಿಲ್ಲ. ಏಕೆಂದು ಕೇಳಿದವರಿಗೆ "ನನ್ನ ಸಾಯಕಲ್ಲಿಗೆ ಕ್ಯಾರಿಯರ್ ಇರ್ಲಿಲ್ರಿ" ಎಂದು ಉತ್ತರಿಸಿ ಮಾತು ಮುಗಿಸುತ್ತಿದ್ದರು. ಸೈಕಲ್ಲಿಗೆ ಗಂಟೆಯೂ ಇರಲಿಲ್ಲ. ಬಾಯಿ ಗಟ್ಟಿ ಇರುವಾಗ ಗಂಟೆ ಏತಕ್ಕೆಂಬುದು ಅವರ ವಾದ. "ಬಾಜೂ, ಬಾಜೂ!" ಎಂಬ ಅವರ ಕೂಗಿಗೆ ಚೌಕದ ರಿಕ್ಷಾದವರೂ ದಾರಿ ಬಿಡುತ್ತಿದ್ದರು.

ನಿವೃತ್ತರಾದ ಮೇಲೆ ಒಮ್ಮೆ ಮಣಿಕಟ್ಟು ಮುರಿದು, ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿ ಕುಳಿತಿದ್ದಾಗ ಟಿ.ವಿ.ಯಲ್ಲಿ ಈ ಓಟ ಅವರ ಕಣ್ಣಿಗೆ ಬಿತ್ತಂತೆ. ನೂರಾರು ಸೈಕಲ್ಲುಗಳು ರಸ್ತೆಯ ತುಂಬ ಒತ್ತಾಗಿ ಹರಿದುಬರುತ್ತಿದ್ದವು.

"ಮಾಸ್ತರ್ರ, ನನಗ ಒಮ್ಮೆಲೆ ಎದಿ ಝಲ್ ಅಂತು. ಅಯ್ಯ, ಇವರೆಲ್ಲಾ ನಮ್ಮ ಆಫೀಸಿಗೆ ಹೊಂಟಾರಲ್ಲ ಅನಿಸ್ತು! ಮೊದಲ ಪುಣ್ಯಾದಾಗ ಮುಂಜಾನಿ ಸೇತುವಿ ಮ್ಯಾಲೆ ಹಿಂಗ ಸಾಯಕಲ್ಲು ಬರ್ತಿದ್ವು. ಅದರಾಗ ನಾನೂ ಒಬ್ಬಾಕಿ. ಈಗ ಎಲ್ಲಿ ಹೋದ್ವು ಆ ಸಾಯಕಲ್ಲು ಅಂತಿದ್ದೆ. ಇಲ್ಲಿ ಬಂದಾವ ನೋಡ್ರಿ!"

ಓಟದ ಸೂಕ್ಷ್ಮಗಳನ್ನು ಅವರು ವಿವರಿಸುವ ರೀತಿ ಅವರದೇ ಆಗಿತ್ತು. ವರ್ಷವಿಡೀ ಕಂಪನಿಗಳ ತಂಡಗಳಲ್ಲಿ ದುಡಿಯುವ ಸವಾರರು ಈ ಒಂದು ಓಟದಲ್ಲಿ ಮಾತ್ರ ತಮ್ಮತಮ್ಮ ದೇಶದ ಅಂಗಿ ತೊಡುತ್ತಾರೆ. ನಿನ್ನೆಯ ಜೊತೆಗಾರರು ಇಂದು ಎದುರಾಳಿಗಳಾಗುತ್ತಾರೆ. ನನಗೆ ಇದು ವಿಚಿತ್ರವೆನಿಸಿತು. "ಏನ್ ವಿಚಿತ್ರರಿ? ಭೋಸರಿಯೊಳಗ ಒಂದ ಕಾರ್ಖಾನಿಯಾಗ ಕೂಡಿ ಕೆಲಸಾ ಮಾಡೂ ಹುಡುಗುರು, ಹಬ್ಬಕ್ಕ ಊರಿಗೆ ಹೋದಾಗ ತಮ್ಮ ತಮ್ಮ ಓಣಿ ಕಡೀಂದ ಕಬಡ್ಡಿ ಆಡೂದಿಲ್ಲೇನು? ಹಂಗ," ಎಂದರು. ಗೆದ್ದವನು ಐದು ಪಟ್ಟೆಯ ಬಿಳಿ ಅಂಗಿಯನ್ನು ಮುಂದಿನ ಓಟದವರೆಗೆ ತೊಡುತ್ತಾನೆಂದು ತಿಳಿದ ವರ್ಷವೇ ಅವರು ಆ ಕೌದಿ ಹೊಲಿದರು. ಬಿಳಿಯ ಭಾಗಕ್ಕೆ ಹಳೆಯ ಪಂಚೆಗಳಾದವು; ನಾಲ್ಕು ಬಣ್ಣಗಳಿಗೆ ಸೊಸೈಟಿಯ ಹೆಂಗಸರು ಹಳೆಯ ಸೀರೆ ಕೊಟ್ಟರು. ಕಪ್ಪನ್ನು ಮಾತ್ರ ಯಾರೂ ಕೊಡಲಿಲ್ಲ. ಕೊನೆಗೆ ತಮ್ಮದೇ ಮುರಿದ ಕೊಡೆಯ ಬಟ್ಟೆ ಹರಿದು ಹಾಕಿದರು. ಹೀಗಾಗಿ ಕೌದಿಯನ್ನು ಒಗೆದಾಗ ಎಲ್ಲ ಪಟ್ಟೆಗಳೂ ನೆನೆಯುತ್ತಿದ್ದವು, ನಡುವಿನದೊಂದು ನೀರನ್ನು ಕೊಡವಿಬಿಡುತ್ತಿತ್ತು.

ಕೌದಿಗೆ ನಿಯಮಗಳಿದ್ದವು. ಗೆದ್ದ ಮನೆ ಅದನ್ನು ಒಂದು ವರ್ಷ ಇಟ್ಟುಕೊಳ್ಳಬೇಕು. ಭಾನುವಾರಕ್ಕೊಮ್ಮೆ ಬಾಲ್ಕನಿಯಲ್ಲಿ ಎಲ್ಲರಿಗೂ ಕಾಣುವಂತೆ ಹರಡಬೇಕು. ಒಗೆಯುವ ಕೆಲಸ ಮನೆಯ ಯಜಮಾನನದು, "ಕೈ ಎತ್ತಿ ನಿಂತವರು ಅವರು, ಒಗ್ಯಾಣಾ ಹೆಂಡತೀದು ಹೆಂಗಾದೀತು?" ಎಂಬುದು ಇಂದಕ್ಕನ ಶಾಸನ. ಇನ್ನೊಂದು ನಿಯಮವನ್ನು ಅವರು ತಮಗಾಗಿಯೇ ಮಾಡಿಕೊಂಡಿದ್ದರು: ಯಾರಿಗಾದರೂ ಬಂದ ದೇಶ ಬೇಡವಾದರೆ ಅದನ್ನು ಇಂದಕ್ಕನಿಗೆ ಕೊಟ್ಟು, ಅವರಿಗೆ ಬಂದ ಚೀಟಿಯನ್ನು ಪಡೆಯಬಹುದು. ಮುಖ ಸಣ್ಣದು ಮಾಡಿಕೊಂಡವರ ಮುಂದೆ ಅವರೇ ಹೋಗಿ "ಬ್ಯಾಡಾದ್ರ ನನಗ ಕೊಡ್ರಿ" ಎಂದು ಕೈಚಾಚುತ್ತಿದ್ದರು. ಆಸ್ಟ್ರೇಲಿಯಾದಲ್ಲಿ ಓಟ ನಡೆದು ನಾವೆಲ್ಲ ಬೆಳಗಿನ ಚಹಾ ಹಿಡಿದು ಪಾರ್ಕಿಂಗಿಗೆ ಇಳಿದ ವರ್ಷ, ಅವರಿಗೆ ಬೆಲ್ಜಿಯಂ ಬಂದಿತ್ತು. ಅದನ್ನು ನೆಲಮಹಡಿಯವರಿಗೆ ಕೊಟ್ಟುಬಿಟ್ಟರು. ಬೆಲ್ಜಿಯಂನವನು ಒಬ್ಬನೇ ಮುಂದೆ ಹೋಗಿ ಗೆದ್ದ. ಕೌದಿ ಹೊಲಿದ ಇಂದಕ್ಕನ ಬಾಲ್ಕನಿಗೆ ಕೌದಿ ಒಮ್ಮೆಯೂ ಹೋಗಲಿಲ್ಲ.

ಸವಾರರು ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಹೋಗುವುದೇಕೆಂದು ನಾನು ಪದೇಪದೇ ಕೇಳುತ್ತಿದ್ದೆನಾದ್ದರಿಂದ, ಒಂದು ಚಳಿಗಾಲದ ಮುಂಜಾನೆ ಅವರು ನನ್ನನ್ನು ಸಾಸವಡದ ಹಾದಿಗೆ ಕರೆದೊಯ್ದರು. ಪಂಢರಪುರದ ಯಾತ್ರೆಯ ಪಾಲಖಿ ಹತ್ತಿಹೋಗುವ ದಿವೇಘಾಟ್ ಇರುವುದು ಆ ಹಾದಿಯಲ್ಲಿಯೇ. ನಾನು ವಿಜಯಾಳ ಸೈಕಲ್ಲಿನ ಮೇಲೆ. ನನಗಿಂತ ಹದಿನೈದು ವರ್ಷ ಹಿರಿಯರಾದ ಅವರು ತಮ್ಮದರ ಮೇಲೆ. ಬಯಲಿನಲ್ಲಿ ಎದುರುಗಾಳಿ ಬೀಸುತ್ತಿತ್ತು.

"ನನ್ನ ಹಿಂದಿನ ಗಾಲಿಗೆ ಅಂಟಿಕೊಂಡು ಬರ್ರಿ. ಮುಂದಿನಾಂವ ಗಾಳಿ ಕಡೀತಾನ, ಹಿಂದಿನಾಂವ ಅದರಾಗ ಸಂಸಾರಾ ಮಾಡ್ತಾನ. ತಿಳೀತಿಲ್ಲೋ?"

"ತಿಳಿಯಿತು. ಅಂದರೆ ವಾಯುವಿನ ಪ್ರತಿರೋಧವು ಮುಂದಿನವನ ಮೇಲೆಯೇ..."

"ವಾಕ್ಯಾ ಆಮ್ಯಾಲೆ ಮುಗಸ್ರಿ, ಮೊದಲ ತುಳೀರಿ!"

ಘಾಟಿನ ಎರಡನೆಯ ತಿರುವಿನಲ್ಲಿ ನಾನು ಇಳಿದು ಸೈಕಲ್ಲನ್ನು ತಳ್ಳತೊಡಗಿದೆ. ಅವರು ಹತ್ತಿ ಹೋಗಿ, ಮೇಲಿನ ಕಟ್ಟೆಯ ಮೇಲೆ ಕುಳಿತು, ಶೇಂಗಾ ಸುಲಿಯುತ್ತ ನನಗಾಗಿ ಕಾದಿದ್ದರು. "ಇಳಿಜಾರದಾಗ ಎಲ್ಲಾರೂ ಶೂರರ. ಏರಿನ್ಯಾಗ ಮಾರಿ ಹೆಂಗಾಗ್ತದ ಅನ್ನೂದ ಖರೇ. ನಿಮ್ಮದು ಬದನಿಕಾಯಿ ಆಗೇದ ನೋಡ್ರಿ," ಎಂದು ನಕ್ಕು, ಸುಲಿದ ಕಾಳನ್ನು ನನ್ನ ಕೈಗೆ ಹಾಕಿದರು.

ಇಂದಕ್ಕನಿಗೆ ಎದುರಾಳಿ ಇದ್ದದ್ದು ಒಬ್ಬರೇ: ಸೊಸೈಟಿಯ ಕಾರ್ಯದರ್ಶಿ ಜೋಗಳೇಕರ ಕಾಕಾ. ಎಪ್ಪತ್ತೈದು ದಾಟಿದ, ಸದಾ ಇಸ್ತ್ರಿ ಮಾಡಿದ ಅಂಗಿ ತೊಡುವ ಮರಾಠಿ ಗೃಹಸ್ಥರು. "ನಿಯಮ ಮ್ಹಣಜೇ ನಿಯಮ", ನಿಯಮವೆಂದರೆ ನಿಯಮ, ಎಂಬುದು ಅವರ ಬಾಯಿಪಾಠ. ಇಬ್ಬರ ನಡುವಿನ ವಾದ ನಾನು ಬರುವುದಕ್ಕೆ ಮೊದಲೇ ಆರಂಭವಾಗಿತ್ತು. ಹೆಂಗಸರ ಓಟ ಶನಿವಾರ, ಗಂಡಸರದು ಭಾನುವಾರ. ಕೌದಿ ಭಾನುವಾರದ ಗೆಲುವಿಗೆ ಎಂದು ಮೊದಲ ವರ್ಷವೇ ಕಾಕಾ ಗೊತ್ತುಮಾಡಿದ್ದರು. ಒಂದು ವರ್ಷವಾದರೂ ಶನಿವಾರದ ಗೆಲುವಿಗೆ ಸಲ್ಲಲಿ ಎಂಬುದು ಇಂದಕ್ಕನ ಹಟ. ಪ್ರತಿವರ್ಷ ಚೀಟಿ ಎತ್ತುವ ಮುನ್ನ ಅವರು ಕೇಳುವುದು, ಕಾಕಾ ಒಲ್ಲೆನೆನ್ನುವುದು.

"ಗಂಡಸರ ಓಟವೇ ಉದ್ದ, ಆದ್ದರಿಂದ ಅದೇ ಮುಖ್ಯ," ಎಂದು ಕಾಕಾ ಮರಾಠಿಯಲ್ಲಿ ಹೇಳಿದರೆ,

"ಸೀರಿ ನಿಮ್ಮ ಧೋತರಕ್ಕಿಂತ ಉದ್ದ ಅದರಿ ಕಾಕಾ. ಹಂಗಂತ ನಾನೇನು ಸೊಸೈಟಿ ಸೆಕ್ರೆಟರಿ ಆದೆನು?" ಎಂದು ಇಂದಕ್ಕ ಕನ್ನಡದಲ್ಲಿಯೇ ತಿರುಗಿ ಕೇಳುತ್ತಿದ್ದರು. ಕಾಕಾರಿಗೆ ಕನ್ನಡ ಬಾರದು. ಆದರೂ ಪ್ರತಿಯೊಂದು ಮಾತೂ ತಿಳಿಯುತ್ತಿತ್ತು.

ಹಾಗೆಂದು ಅವರಿಬ್ಬರೂ ವೈರಿಗಳಾಗಿರಲಿಲ್ಲ. ೨೦೨೩ರ ಘಟನೆಯೇ ಅದಕ್ಕೆ ಸಾಕ್ಷಿ. ಆ ವರ್ಷ ಓಟ ಆಗಸ್ಟಿನಲ್ಲಿಯೇ ಬಂದುದರಿಂದ ಚೀಟಿಯನ್ನು ಗಣಪತಿಗೆ ಮೊದಲೇ ಎತ್ತಿದ್ದೆವು; ಕಾಕಾರಿಗೆ ನೆದರ್ಲ್ಯಾಂಡ್ಸ್ ಬಂದಿತ್ತು. ಆ ದೇಶದವನು ಕೊನೆಯಲ್ಲಿ ಒಬ್ಬನೇ ಮುಂದೆ ಹೋಗುತ್ತಿದ್ದವನು, ಒದ್ದೆಯಾದ ತಿರುವೊಂದರಲ್ಲಿ ಜಾರಿ ಬಿದ್ದ. ಇಂದಕ್ಕನ ಪೆಡಲು ನಿಂತಿತು, ಕಂಠ ಮೇಲೇರಿತು.

"ಅಯ್ಯೋ ಜೋಗಳೇಕರ ಬಿದ್ರು! ಜೋಗಳೇಕರ ಕಾಕಾ ಬಿದ್ರೂ! ಏಳ್ರಿ ಕಾಕಾ, ಏಳ್ರಿ!"

ಗೇಟಿನಾಚೆ ಬೀಡಿ ಸೇದುತ್ತಿದ್ದ, ಕನ್ನಡ ಬಲ್ಲ ಹೊಸ ವಾಚ್‌ಮನ್‌ಗೆ ಇಷ್ಟೇ ಕೇಳಿಸಿತು. ಕರ್ತವ್ಯನಿಷ್ಠನಾದ ಆತ ಕೋಥ್ರೂಡಿನಲ್ಲಿದ್ದ ಕಾಕಾರ ಮಗಳಿಗೆ ಒಡನೆಯೇ ಫೋನು ಮಾಡಿದ. ಆಕೆ ಅಡುಗೆಯನ್ನು ಅರ್ಧಕ್ಕೇ ಬಿಟ್ಟು, ರಿಕ್ಷಾ ಹಿಡಿದು, ಅಳುತ್ತ ಒಳಗೆ ಓಡಿಬಂದಾಗ ಕಂಡದ್ದೇನು? ತಂದೆ ಐದು ಪಟ್ಟೆಯ ಕೌದಿ ಹೊದ್ದು, ಎರಡೂ ಕೈ ಮೇಲೆತ್ತಿ, ಇಸ್ತ್ರಿಯ ಅಂಗಿ ಹೊರಬಿದ್ದುದನ್ನೂ ಮರೆತು ಕುಣಿಯುತ್ತಿದ್ದಾರೆ. ಬಿದ್ದವನು ಎದ್ದು, ಹರಿದ ಬೂಟಿನಲ್ಲಿಯೇ ತುಳಿದು ಗೆದ್ದಿದ್ದ.

"ಬಾಬಾ, ಬಿದ್ದಿರೆಂದರಲ್ಲ!" ಎಂದಳು ಆಕೆ.

"ಬಿದ್ದೆ," ಎಂದರು ಕಾಕಾ ಗಂಭೀರವಾಗಿ. "ಆದರೆ ತಕ್ಷಣ ಎದ್ದೆ."

೨೦೨೫ರ ಮಳೆಗಾಲದಲ್ಲಿ ನಮ್ಮ ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟುವುದೆಂದು ನಿಶ್ಚಯವಾಯಿತು. ದೀಪಾವಳಿಯ ನಂತರ ಎಲ್ಲರೂ ಮನೆ ತೆರವು ಮಾಡಬೇಕು; ಹೊಸ ಕಟ್ಟಡ ಏಳಲು ವರ್ಷಗಳು ಬೇಕು; ಎಷ್ಟು ಜನ ಮರಳಿ ಬರುವರೋ ತಿಳಿಯದು. ಹಾಗಾಗಿ ಆ ವರ್ಷ ಗೆದ್ದವರಿಗೆ ಕೌದಿ ಶಾಶ್ವತವಾಗಿ ಸೇರಬೇಕೆಂದು ಎಲ್ಲರೂ ಒಪ್ಪಿದೆವು. ಗಣಪತಿ ಕಳಿಸಿದ ಮರುದಿನ, ಮೋದಕದ ಖಾಲಿ ಪಾತ್ರೆಯಲ್ಲಿ ಚೀಟಿಗಳನ್ನು ಹಾಕಿ ಕೂಡಿದಾಗ ಇಂದಕ್ಕ ಎದ್ದು ನಿಂತರು.

"ಕಾಕಾ, ಇದು ಕಡೀ ಸಲ ಕೇಳೂದು. ಈ ವರ್ಷ ಕೌದಿ ಶನಿವಾರದ್ದಾಗ್ಲಿ."

"ಇಂದುತಾಯಿ, ನಿಯಮ..."

"ನಿಯಮದ್ದ ಹೇಳ್ತೀನಿ ಕೇಳ್ರಿ," ಎಂದ ಇಂದಕ್ಕ, ಅಪರೂಪಕ್ಕೆ ಮರಾಠಿಗೆ ಹೊರಳಿದರು. ಕಾಲೇಜಿನಲ್ಲಿದ್ದಾಗ ಧಾರವಾಡದಲ್ಲಿ ಸೈಕಲ್ ಓಟವೊಂದನ್ನು ಏರ್ಪಡಿಸಿದ್ದರು. ಹುಡುಗಿಯರಿಗೂ ಒಂದು ಓಟವೆಂದು ಸಾರಿದ್ದರು. ಅಣ್ಣನ ಸೈಕಲ್ಲನ್ನು ಬೇಡಿ ಪಡೆದು, ಹದಿನೈದು ದಿನ ನಸುಕಿನಲ್ಲಿ ತುಳಿದು ಅಭ್ಯಾಸ ಮಾಡಿ, ಎರಡು ಜಡೆ ಬಿಗಿದು ಅವರು ಹೋಗಿ ನಿಂತರು. ಬೇರೆ ಯಾವ ಹುಡುಗಿಯೂ ಬರಲಿಲ್ಲ. ಸಂಘಟಕರು ಕೂಡಿ ವಿಚಾರಿಸಿ, ಒಬ್ಬಳಿಗಾಗಿ ಓಟವಿಲ್ಲ, ಅದು ನಿಯಮವಲ್ಲ, ಎಂದು ರದ್ದುಮಾಡಿದರು.

"ಒಬ್ಬಾಕಿ ಓಡಿದ್ರ ಒಂದನೇ ನಂಬರೂ ನಾನ, ಕಡೀ ನಂಬರೂ ನಾನ. ಎರಡೂ ಬಹುಮಾನಾ ಕೊಡಬೇಕಾಗ್ತದಂತ ಅಂಜಿದ್ರೇನೋ," ಎಂದು ಅವರು ಮತ್ತೆ ಕನ್ನಡಕ್ಕೆ ಬಂದು ನಕ್ಕರು. ಉಳಿದವರೂ ನಕ್ಕೆವು. ಕಾಕಾ ಮಾತ್ರ ನಗಲಿಲ್ಲ. ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು.

"ಒಬ್ಬಳೇ ಇದ್ದರೂ ಓಟ ನಡೆಯಬೇಕಿತ್ತು," ಎಂದರು. ನನ್ನ ಕಡೆ ತಿರುಗಿ, "ಮಾಸ್ತರ, ಚೀಟಿ ಎತ್ತುವ ಮೊದಲು ನಿಯಮ ಬದಲಿಸಿದರೆ ಅದು ನಿಯಮಕ್ಕೆ ವಿರುದ್ಧವಾಗುವುದೇ?" ಎಂದು ಕೇಳಿದರು.

ಆಗುವುದಿಲ್ಲವೆಂದು ನಾನು ಹೇಳಿದೆ. ಅಷ್ಟು ಚಿಕ್ಕ ವಾಕ್ಯವನ್ನು ನಾನು ಸಾರ್ವಜನಿಕವಾಗಿ ಆಡಿದ್ದು ಅದೇ ಮೊದಲೆಂದು ವಿಜಯಾ ಇಂದಿಗೂ ಹೇಳುತ್ತಾಳೆ.

ಚೀಟಿ ಎತ್ತಿದೆವು. ಇಂದಕ್ಕನಿಗೆ ನೆದರ್ಲ್ಯಾಂಡ್ಸ್ ಬಂತು. ಹೆಂಗಸರ ಓಟದಲ್ಲಿ ಅದಕ್ಕಿಂತ ಬಲವಾದ ತಂಡ ಬೇಕೆಂದರೂ ಸಿಗುವುದು ಕಷ್ಟವೆಂಬುದು ಅಷ್ಟು ಹೊತ್ತಿಗೆ ನಮ್ಮ ವಾಚ್‌ಮನ್‌ಗೂ ತಿಳಿದಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಜೋಗಳೇಕರ ಕಾಕಾರಿಗೆ ಕೆನಡಾ ಬಂತು. ಅವರು ಚೀಟಿಯನ್ನು ಹಿಂದುಮುಂದು ತಿರುಗಿಸಿ ನೋಡಿ, ಹಿಂಬದಿಯಲ್ಲಿ ಬೇರೆ ದೇಶವೇನಾದರೂ ಇರಬಹುದೇ ಎಂಬಂತೆ ಮುಖ ಮಾಡಿದರು. ಇಂದಕ್ಕ ಅದನ್ನು ಕಂಡರು. ಎದ್ದು ನಿಂತರು.

"ಇಂದಕ್ಕಾ, ಬೇಡ, ಈ ಒಂದು ಸಲ ಸುಮ್ಮನಿರಿ," ಎಂದು ವಿಜಯಾ ಅವರ ಸೆರಗು ಹಿಡಿದು ಎಳೆದಳು.

"ನನ್ನ ನಿಯಮಾನೂ ನಿಯಮನ ಅಲ್ಲೇನವಾ?" ಎಂದ ಇಂದಕ್ಕ, ಕಾಕಾರ ಮುಂದೆ ಕೈಚಾಚಿದರು. "ಬ್ಯಾಡಾದ್ರ ನನಗ ಕೊಡ್ರಿ."

ಕಾಕಾ ಕೊಟ್ಟರು. ಕೊಟ್ಟ ಮೇಲೆ ಹಿಂದಕ್ಕೆ ಪಡೆಯುವ ನಿಯಮವಿರಲಿಲ್ಲ.

ಆ ವರ್ಷದ ಓಟ ಆಫ್ರಿಕಾದಲ್ಲಿ, ಬೆಟ್ಟಗಳ ಮೇಲೆ ಕಟ್ಟಿದ ಊರೊಂದರಲ್ಲಿ ನಡೆಯಿತು. ಚಾಂಪಿಯನ್‌ಶಿಪ್ ಆ ಖಂಡಕ್ಕೆ ಹೋದದ್ದು ಅದೇ ಮೊದಲು. ಶನಿವಾರ ಮಧ್ಯಾಹ್ನವೇ ಕಾರುಗಳು ರಸ್ತೆಗೆ ಹೋದವು, ಕುರ್ಚಿಗಳು ಬಂದವು. ಅಷ್ಟು ಹೊತ್ತಿಗಾಗಲೇ ಮೂರು ಮನೆಗಳ ಸಾಮಾನನ್ನು ಡಬ್ಬಗಳಲ್ಲಿ ಕಟ್ಟಿ ಮೆಟ್ಟಿಲ ಕೆಳಗೆ ಒಟ್ಟಿದ್ದರು. ಅವುಗಳ ಮೇಲೆಯೂ ಜನ ಕುಳಿತರು. ಇಂದಕ್ಕ ಸೈಕಲ್ಲಿನ ಮೇಲೆ. ಏರು ಬಂದಾಗಲೆಲ್ಲ "ದಿವೇಘಾಟ ಬಂತು, ದಿವೇಘಾಟ ಬಂತು!" ಎಂದು ಕೂಗಿ, ಸೀಟಿನಿಂದ ಎದ್ದು ತುಳಿಯುತ್ತಿದ್ದರು. ಜೋಗಳೇಕರರನ್ನೂ ಕುಲಕರ್ಣಿಯನ್ನೂ ನನ್ನನ್ನೂ ಹೆಸರು ಹಿಡಿದು ಹುರಿದುಂಬಿಸಿದರು, ಬೈದರು. ತಮ್ಮ ಕೆನಡಾದ ಮಾತೆತ್ತಲೇ ಇಲ್ಲ.

ಕೊನೆಯ ಸುತ್ತಿನಲ್ಲಿ ಕೆಲವರು ಮುಂದೆ ಹೋದರು. ಗೆಲ್ಲಬೇಕಾದ ದೊಡ್ಡವರೆಲ್ಲ ಹಿಂದಿನ ಗುಂಪಿನಲ್ಲಿದ್ದರು. ಮುಂದಿನವರನ್ನು ಅಟ್ಟಿ ಹಿಡಿಯಲು ಮೊದಲು ಯಾರು ದಣಿಯಬೇಕೆಂದು ಒಬ್ಬರ ಮುಖ ಒಬ್ಬರು ನೋಡುತ್ತ ಕಾಲ ಕಳೆದರು. ಮುಂದೆ ಹೋದವರು ಕರಗಿ ಕರಗಿ ಮೂವರಾದರು. ಅವರಲ್ಲೊಬ್ಬಳು ಕೆನಡಾದವಳು. ಕಲ್ಲುಹಾಸಿನ ಕೊನೆಯ ಏರಿನಲ್ಲಿ ಆಕೆ ಇದ್ದಕ್ಕಿದ್ದಂತೆ ಎದ್ದು ತುಳಿದು ಇನ್ನಿಬ್ಬರನ್ನು ಬಿಟ್ಟು ಹೊರಟಳು.

ಆ ಕ್ಷಣ ಪಾರ್ಕಿಂಗಿನಲ್ಲಿ ಒಂದು ಸದ್ದು ನಿಂತಿತು. ಇಂದಕ್ಕನ ಗಾಲಿ ತಿರುಗುತ್ತಿರಲಿಲ್ಲ. ಅವರ ಬಾಯಿಯೂ ಕಟ್ಟಿತ್ತು. ಇತರರ ಹೆಸರನ್ನೆಲ್ಲ ಕೂಗಿ ಕೂಗಿ ಗಂಟಲು ಹರಿದುಕೊಂಡವರಿಗೆ ತಮ್ಮದೇ ಹೆಸರನ್ನು ಹೇಗೆ ಕೂಗಬೇಕೆಂಬುದು ತಿಳಿಯಲಿಲ್ಲ.

ವಿಜಯಾ ನನ್ನ ಭುಜ ತಿವಿದಳು. ನಾನು ಎದ್ದೆ. "ಇಂದಕ್ಕನವರು ಈಗ ಉಳಿದೆಲ್ಲ ಸ್ಪರ್ಧಿಗಳನ್ನು ಹಿಂದಿಕ್ಕಿ, ಅಂತಿಮ ರೇಖೆಯತ್ತ ಏಕಾಂಗಿಯಾಗಿ ಮುನ್ನುಗ್ಗುತ್ತಲಿದ್ದು..."

"ಮಾಸ್ತರ್ರ," ಎಂದರು ಇಂದಕ್ಕ, ಕಣ್ಣನ್ನು ಟಿ.ವಿ.ಯಿಂದ ಕೀಳದೆ, "ಆಕಿ ಮುಟ್ಟೂದ್ರಾಗ ನಿಮ್ಮ ವಾಕ್ಯಾ ಮುಗೀಬೇಕು ನೋಡ್ರಿ."

ನನ್ನ ವಾಕ್ಯವನ್ನು ಮುಗಿಸಿದವರು ಜೋಗಳೇಕರ ಕಾಕಾ. ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು, ತಮಗೆ ಬಾರದ ಕನ್ನಡದಲ್ಲಿ, ಇಷ್ಟು ವರ್ಷ ಕೇಳಿ ಕೇಳಿ ಕಲಿತ ಎರಡೇ ಪದಗಳನ್ನು ಜೋಡಿಸಿ ಕೂಗಿದರು: "ಇಂದಕ್ಕಾ ಮುಂದ! ಇಂದಕ್ಕಾ ಮುಂದ!" ಡಬ್ಬಗಳ ಮೇಲಿನವರು, ಕುರ್ಚಿಯವರು, ಗೇಟಿನ ವಾಚ್‌ಮನ್, ಎಲ್ಲರೂ ಅದನ್ನೇ ಕೂಗಿದೆವು. ಆಕೆ ಒಬ್ಬಳೇ ಗೆರೆ ದಾಟಿದಳು, ನಂಬಲಾರದವಳಂತೆ ಬಾಯಿಗೆ ಕೈ ಒತ್ತಿಕೊಂಡಳು. ಇಲ್ಲಿ ಇಂದಕ್ಕನೂ ಹಾಗೆಯೇ ಕುಳಿತಿದ್ದರು, ಸ್ಟ್ಯಾಂಡಿನ ಮೇಲೆ.

ಕೌದಿಯನ್ನು ಹೊದಿಸಿದವರು ಕಾಕಾ. "ಎರಡೂ ಕೈ ಮೇಲೆ, ಇಂದುತಾಯಿ. ನಿಯಮ ಮ್ಹಣಜೇ ನಿಯಮ," ಎಂದರು.

ದೀಪಾವಳಿ ಕಳೆದು ವಾರವಾದ ಮೇಲೆ ಇಂದಕ್ಕ ಸಾಸವಡದಲ್ಲಿರುವ ತಂಗಿಯ ಮಗಳ ಮನೆಗೆ ಹೊರಟರು. ನಾನು ಟೆಂಪೋದಲ್ಲಿ ಘಾಟಿನ ಬುಡದವರೆಗೆ ಜೊತೆಗೆ ಹೋದೆ. ಅಲ್ಲಿ ಅವರು ಟೆಂಪೋ ನಿಲ್ಲಿಸಿ, ಹಗ್ಗ ಬಿಚ್ಚಿಸಿ, ಸೈಕಲ್ಲನ್ನು ಕೆಳಗಿಳಿಸಿದರು.

"ಒಂದ ತಿರುವು ಅಷ್ಟ. ಆಮ್ಯಾಲೆ ಟೆಂಪೋ ಹತ್ತತೀನಿ. ಏರು ನೋಡಿ ಸುಮ್ಮನ ಹೋಗಬಾರದ್ರಿ, ಅದಕ್ಕ ಬ್ಯಾಸರಾಗ್ತದ."

"ನಾನೂ ಬರಲೇ?"

"ಬ್ಯಾಡ್ರಿ. ನಿಮ್ಮ ಮಾರಿ ಮತ್ತ ಬದನಿಕಾಯಿ ಆಗ್ತದ."

ಕೌದಿಯನ್ನು ಮಡಿಚಿ ಮುಂದಿನ ಬುಟ್ಟಿಯಲ್ಲಿ ಇಟ್ಟುಕೊಂಡು, ಸೆರಗು ಬಿಗಿದು ಅವರು ಹೊರಟರು. ಟೆಂಪೋ ಹಿಂದೆ ಮೆಲ್ಲಗೆ ಸಾಗಿತು. "ಬಾಜೂ, ಬಾಜೂ!" ಎಂಬ ಕೂಗು ತಿರುವಿನಾಚೆಯಿಂದ ಒಮ್ಮೆ ಕೇಳಿಸಿತು, ಆ ಹೊತ್ತಿನಲ್ಲಿ ರಸ್ತೆಯ ಮೇಲೆ ಬೇರಾರೂ ಇರಲಿಲ್ಲ.

ನಮ್ಮ ಕಟ್ಟಡ ಈಗ ಇಲ್ಲ. ನಾವು ಬಾಡಿಗೆಗಿರುವ ಮನೆಯ ಪಾರ್ಕಿಂಗಿನಲ್ಲಿ ಕಾರುಗಳು ಯಾವ ದಿನವೂ ಜಾಗ ಬಿಡುವುದಿಲ್ಲ. ಜೋಗಳೇಕರ ಕಾಕಾ ಕೆಲವೊಮ್ಮೆ ಫೋನು ಮಾಡಿ, ಆ ಕೌದಿ ಭಾನುವಾರದ್ದಾಗಿದ್ದರೆ ಯಾರ ಪಾಲಾಗುತ್ತಿತ್ತೆಂದು ಮಾತು ತೆಗೆಯುತ್ತಾರೆ. ಅವರು ಮರೆಯದಿರಲೆಂದು ನಾನು ಪ್ರತಿಸಲವೂ ಸ್ಪಷ್ಟವಾಗಿ ಹೇಳುತ್ತೇನೆ: ಕೌದಿ ಇಂದಕ್ಕನದು, ಅದು ತೀರ್ಮಾನವಾದದ್ದು ೨೦೨೫ನೆಯ ಇಸವಿಯ ಸೆಪ್ಟೆಂಬರ್ ೨೭ರಂದು, ಶನಿವಾರ.